ಚಿಲಕದ ಮೇಲಿನ ಕೆಂಪು ಸಾಕ್ಸ್

ಮರಿ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು, ನೀರು ತುಳುಕದ ಹಾಗೆ ಹೆಜ್ಜೆಯಿಡುತ್ತಾ ಅಣ್ಣನ ಕೋಣೆಯ ಬಾಗಿಲವರೆಗೆ ಬಂದಿದ್ದಳು. ಅಷ್ಟರಲ್ಲಿ ಹಿಂದಿನಿಂದ ಅಮ್ಮನ ದನಿ ಕೇಳಿತು.

“ಇವತ್ತು ಬೇಡ ಮರಿ. ಅಲ್ಲೇ ಇಡು.”

“ಯಾಕಮ್ಮ? ಉಪ್ಪೂ ಹಾಕಿಯಾಯ್ತು.”

“ಅವನಿನ್ನೂ ಎದ್ದಿಲ್ಲ.”

ಮರಿಗೆ ಆಶ್ಚರ್ಯವಾಯಿತು. ಈ ಹೊತ್ತಿಗೆ ಅಣ್ಣ ಎದ್ದು, ಕುರ್ಚಿಯ ಮೇಲೆ ಕೂತು, ಅವಳು ತರುವ ಉಪ್ಪು ನೀರಿಗಾಗಿ ಕಾಯುತ್ತಿರುತ್ತಿದ್ದ. ಬಲಗೈಯನ್ನು ಮಣಿಕಟ್ಟಿನವರೆಗೆ ಬಿಸಿನೀರಿನಲ್ಲಿ ಮುಳುಗಿಸಿದ ಮೇಲೇ ಅವನ ದಿನ ಶುರು. “ಬಿಸಿ ಸಾಕಾ?” ಎಂದು ಮರಿ ಕೇಳುತ್ತಿದ್ದಳು. “ಸಾಕು” ಎಂದು ಅವನು ಹೇಳುತ್ತಿದ್ದ. ಒಂದು ದಿನವೂ ಇದು ತಪ್ಪಿರಲಿಲ್ಲ.

ಅಮ್ಮನ ಕೈಯಲ್ಲಿ ಫೋನ್ ಇತ್ತು. ಮರಿ ಬೋಗುಣಿಯನ್ನು ನೆಲಕ್ಕಿಟ್ಟು ಇಣುಕಿ ನೋಡಿದಳು. ತಂಡದ ಹೊಸ ಫೋಟೊ. ಹಸಿರು ಜೆರ್ಸಿ ತೊಟ್ಟ ಐದು ಜನ. ನಡುವೆ ಅಣ್ಣ ನಿಲ್ಲುತ್ತಿದ್ದ ಜಾಗದಲ್ಲಿ ಒಬ್ಬಳು ತೆಳ್ಳನೆಯ ಹುಡುಗಿ ನಿಂತಿದ್ದಳು.

ಅಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆಯ ಕಡೆ ತಿರುಗಿದಳು. ಬೋಗುಣಿಯ ನೀರು ನೆಲದ ಮೇಲೇ ಆರತೊಡಗಿತು.

ಬೇರೆಯವರ ಮನೆಯ ಅಣ್ಣಂದಿರು ಬಸ್ಸು ಹಿಡಿದು ಕೆಲಸಕ್ಕೆ ಹೋಗುತ್ತಿದ್ದರು. ಮರಿಯ ಅಣ್ಣ ಪಕ್ಕದ ಕೋಣೆಗೆ ಹೋಗುತ್ತಿದ್ದ. ಕಂಪ್ಯೂಟರಿನಲ್ಲಿ ಆಡುವುದೇ ಅವನ ಕೆಲಸ. ಐದು ಜನರ ತಂಡ, ಎದುರಿಗೆ ಇನ್ನೊಂದು ಐದು ಜನರ ತಂಡ. ಯಾರು ಯಾರ ಕೋಟೆ ಒಡೆಯುತ್ತಾರೋ ಅವರು ಗೆದ್ದಂತೆ. ಯಾವಾಗ ನುಗ್ಗಬೇಕು, ಯಾವಾಗ ಅಡಗಬೇಕು ಎಂದು ಹೆಡ್‌ಫೋನಿನಲ್ಲಿ ಹೇಳುವವನು ಅಣ್ಣ. ಆಟದಲ್ಲಿ ಅವನ ಹೆಸರು ಗೂಬೆ. ಕತ್ತಲೆಯಲ್ಲೂ ಅವನ ಕಣ್ಣಿಗೆ ಎಲ್ಲ ಕಾಣುತ್ತದೆ ಎಂದು ಗೆಳೆಯರು ಇಟ್ಟ ಹೆಸರು. ಅದರಿಂದಾಗಿ ತಂಗಿಯೂ ಮರಿಗೂಬೆಯಾದಳು. ಕಡೆಗೆ ಮನೆಯಲ್ಲೂ ಬರೀ ಮರಿ ಎಂದೇ ಉಳಿಯಿತು.

“ಹೆಸರಿಟ್ಟುಕೊಳ್ಳೋಕೆ ಬೇರೆ ಹಕ್ಕಿ ಸಿಗಲಿಲ್ವಾ?” ಎಂದು ಅಜ್ಜಿ ಮುಖ ಸಿಂಡರಿಸುತ್ತಿದ್ದಳು. ಆದರೂ ಪಂದ್ಯವಿದ್ದಾಗ ಟಿವಿಯ ಮುಂದೆ ಮೊದಲು ಹೋಗಿ ಕೂರುವವಳು ಅವಳೇ. ಆಟದ ತಲೆಬುಡ ತಿಳಿಯದಿದ್ದರೂ, ಎದುರಾಳಿಗಳು ಸೋತಾಗ ತನ್ನ ಸೊಸೆಗೂ ಹೇಳದಂಥ ಮಾತುಗಳನ್ನು ಹೇಳುತ್ತಿದ್ದಳು.

ಸೀಸನ್ನಿನ ಮೊದಲ ಅರ್ಧ ತಂಡದ್ದೇ ಆಗಿತ್ತು. ಅಂಕಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಇದ್ದರು. ಆಮೇಲೆ ಏನಾಯಿತೋ, ಒಂದೊಂದೇ ಪಂದ್ಯ ಕೈಬಿಟ್ಟು ಹೋಗತೊಡಗಿತು.

ಏನಾಯಿತು ಎಂದು ಮನೆಯವರಿಗಲ್ಲದೆ ಬೇರೆ ಯಾರಿಗೂ ಗೊತ್ತಿಲ್ಲ ಎಂದು ಮರಿ ಅಂದುಕೊಂಡಿದ್ದಳು. ಅಣ್ಣ ತನ್ನ ಕೈ ಊದುವುದನ್ನು ತಂಡಕ್ಕೆ ಹೇಳಿರಲಿಲ್ಲ. ಅದನ್ನು ಅವರಿಗೆ ಕೇಳಿಸಿದ್ದು ಅವಳೇ.

ಅವರ ಮನೆಯಲ್ಲಿ ಒಂದು ನಿಯಮವಿತ್ತು. ಅಣ್ಣನ ಮೈಕು ಆನ್ ಇದ್ದಾಗ ಬಾಗಿಲ ಚಿಲಕಕ್ಕೆ ಒಂದು ಕೆಂಪು ಸಾಕ್ಸ್ ನೇತಾಡುತ್ತಿತ್ತು. ಅದನ್ನು ಕಂಡರೆ ಯಾರೂ ಒಳಗೆ ಹೋಗಬಾರದು. ಒಮ್ಮೆ ಅಜ್ಜಿ ಒಳಗೆ ನುಗ್ಗಿ, ಚಡ್ಡಿ ಬನಿಯನ್ ಒಗೆಯಲು ಹಾಕಿದ್ದೀಯಾ ಇಲ್ಲವಾ ಎಂದು ಜೋರಾಗಿ ಕೇಳಿದ್ದು ಇಡೀ ತಂಡಕ್ಕೆ ಕೇಳಿಸಿತ್ತು. ವಾರವಿಡೀ ಅಣ್ಣನಿಗೆ ಗೆಳೆಯರ ಕಾಟ ತಪ್ಪಲಿಲ್ಲ. ಸಾಕ್ಸ್ ಬಂದದ್ದು ಆಮೇಲೆ.

ಕಳೆದ ಶನಿವಾರ ಬಟ್ಟೆ ಒಗೆಯುವ ದಿನ. ಚಿಲಕದ ಸಾಕ್ಸ್ ಕೊಳೆಯಾಗಿದೆ ಎಂದು ಮರಿಯೇ ಅದನ್ನೂ ಬಕೆಟ್ಟಿಗೆ ಹಾಕಿದ್ದಳು, ಮರಿಯೇ ಒಣಗಲು ಹರವಿದ್ದಳು. ಮಧ್ಯಾಹ್ನ ಇನ್ನೊಮ್ಮೆ ಬೋಗುಣಿ ಹಿಡಿದು ಬಂದಾಗ ಚಿಲಕ ಬರಿದಾಗಿತ್ತು. ಸಾಕ್ಸ್ ಒಗೆದದ್ದನ್ನು ಮರೆತು, ಪಂದ್ಯ ಮುಗಿದಿರಬೇಕೆಂದು ಅವಳು ನೇರ ಒಳಗೆ ಹೋದಳು.

“ಅಣ್ಣ, ನಿನ್ನ ಕೈ ಮತ್ತೆ ಊದ್ಕೊಂಡಿದೆಯಲ್ಲ!”

ಅಣ್ಣ ತಿರುಗಿ ತುಟಿಯ ಮೇಲೆ ಬೆರಳಿಟ್ಟ. ಹೆಡ್‌ಫೋನಿನೊಳಗೆ ಯಾರೋ ಏನೋ ಹೇಳುತ್ತಿದ್ದುದು ಥಟ್ಟನೆ ನಿಂತುಹೋಯಿತು. ಆ ಪಂದ್ಯವನ್ನೂ ಅವರು ಸೋತರು. ಸಂಜೆ ಕೋಚ್ ಫೋನ್ ಮಾಡಿದರು. ಅಣ್ಣ ಬಾಗಿಲು ಹಾಕಿಕೊಂಡು ಮಾತಾಡಿದ. ಆಮೇಲೆ ಊಟಕ್ಕೆ ಕೂತವನು ತಟ್ಟೆಯನ್ನೇ ನೋಡುತ್ತಿದ್ದ. ಮರಿಯನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು.

ಈಗ ಫೋಟೊದಲ್ಲಿ ಅಣ್ಣನೇ ಇಲ್ಲ.

ಶಾಲೆಯಲ್ಲಿ ಎಲ್ಲರಿಗೂ ಸುದ್ದಿ ಗೊತ್ತಾಗಿತ್ತು. ಮರಿ ಬ್ಯಾಗು ಇಡುವ ಮೊದಲೇ ಪಕ್ಕದ ಬೆಂಚಿನ ಹುಡುಗ ಹತ್ತಿರ ಬಂದ. ಆಟದಲ್ಲಿ ಹೊಸಬಳ ಹೆಸರು ಸೂಜಿಯಂತೆ, ಹದಿನೇಳೇ ವರ್ಷವಂತೆ, ಮೌಸ್ ಕ್ಲಿಕ್ ಎಷ್ಟು ಫಾಸ್ಟ್ ಎಂದರೆ ಬೆರಳೇ ಕಾಣುವುದಿಲ್ಲವಂತೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಅವನು ಮರಿಯ ಮುಖ ನೋಡಿದ.

“ನಿಮ್ಮಣ್ಣ ಯಾಕೆ ಔಟು? ಜಗಳ ಆಯ್ತಾ?”

“ಗೊತ್ತಿಲ್ಲ.”

“ಮನೇಲೇ ಇದ್ದು ಗೊತ್ತಿಲ್ವಾ? ಕೇಳು ಮತ್ತೆ.”

ಕೇಳಬೇಕೆಂದು ಅವಳಿಗೂ ಇತ್ತು. ನಿನ್ನನ್ನು ತೆಗೆದದ್ದು ನನ್ನಿಂದಲಾ ಅಣ್ಣ? ಲೆಕ್ಕದ ಪಿರಿಯಡ್ಡಿನಲ್ಲಿ, ಊಟದ ಬೆಲ್ಲಿನಲ್ಲಿ, ಮನೆಗೆ ನಡೆದು ಬರುವಾಗ ಅದೇ ಪ್ರಶ್ನೆಯನ್ನು ಮನಸ್ಸಿನಲ್ಲೇ ಹೇಳಿ ನೋಡಿದಳು. ಹೌದು ಎಂದರೆ ಏನು ಮಾಡುವುದು ಎಂದು ಮಾತ್ರ ಹೊಳೆಯಲಿಲ್ಲ.

ಮನೆಯ ಬಾಗಿಲಲ್ಲಿ ಗೊತ್ತಿಲ್ಲದ ಎರಡು ಜೊತೆ ಶೂ ಇದ್ದವು. ಒಳಗೆ ಕೋಚ್ ಕೂತಿದ್ದರು. ಪಂದ್ಯದ ದಿನ ಟಿವಿಯಲ್ಲಿ ಕಾಣುವಾಗ ಕೈಕಟ್ಟಿ ನಿಂತಿರುವ ಎತ್ತರದ ಹೆಂಗಸು. ಈಗ ಅಜ್ಜಿಯ ಹಳೆಯ ಸೋಫಾದ ತುದಿಯಲ್ಲಿ ಮುದುರಿಕೊಂಡಿದ್ದರು. ಬೆನ್ನಿಗೆ ಬ್ಯಾಗು ಏರಿಸಿಕೊಂಡು ಗೋಡೆಗೆ ಒರಗಿ ನಿಂತಿದ್ದವಳು ಸೂಜಿ. ಅಮ್ಮ ಕೂರಲು ಹೇಳಿದರೂ ಪರವಾಗಿಲ್ಲ ಆಂಟಿ ಎನ್ನುತ್ತಾ ಅವಳು ನಿಂತೇ ಇದ್ದಳು. ಗೂಬೆಯಣ್ಣ ತಂಡಕ್ಕೆ ಹೇಗೆ ಹೇಳುತ್ತಿದ್ದರು ಎಂದು ಕಲಿಯಲು ತಾನೇ ಹಟ ಮಾಡಿ ಬಂದಳಂತೆ.

ಮರಿಗೆ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಎನಿಸಿತು. ಆದರೆ ಅವಳ ಉಗುರುಗಳೆಲ್ಲ ಕಚ್ಚಿ ಕಚ್ಚಿ ಮೊಂಡಾಗಿದ್ದವು. ಮರಿಯ ಉಗುರುಗಳೂ ಹಾಗೇ.

ಅಣ್ಣ ಎದುರಿನ ಕುರ್ಚಿಯಲ್ಲಿ ಕೂತು ತಾಳ್ಮೆಯಿಂದ ಹೇಳಿಕೊಡುತ್ತಿದ್ದ. ಕೂಗಬೇಡ. ಹೆಸರು ಮೊದಲು ಹೇಳು, ಕೆಲಸ ಆಮೇಲೆ. ಸೋಲುತ್ತಿರುವಾಗ ದನಿ ಇನ್ನಷ್ಟು ನಿಧಾನವಾಗಲಿ. ಸೂಜಿ ತಲೆಯಾಡಿಸುತ್ತಿದ್ದಳು. ಮರಿ ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡು ಕೇಳುತ್ತಿದ್ದಳು.

ಕೋಚ್ ಅಣ್ಣನ ಕಡೆ ತಿರುಗಿದರು.

“ನಂಗೆ ಸೀಸನ್ ಮಧ್ಯದಲ್ಲೇ ಗೊತ್ತಿತ್ತು ಕಣೋ. ನಿನ್ನ ಕೈ ತಡವಾಗ್ತಿರೋದು ಸ್ಕ್ರೀನಿನಲ್ಲೇ ಕಾಣ್ತಿತ್ತು. ನೀನಾಗೇ ಹೇಳ್ತೀಯೇನೋ ಅಂತ ಕಾದೆ. ಇವಳನ್ನ ನೋಡಿಟ್ಟಿದ್ದೂ ಆವಾಗಲೇ.”

“ಹೇಳಿದ್ರೆ ಆಡಿಸ್ತಿರಲಿಲ್ಲ.”

“ಹೂಂ. ಆಡಿಸ್ತಿರಲಿಲ್ಲ.”

ಹಾಗಾದರೆ ಅಣ್ಣನನ್ನು ತೆಗೆದದ್ದು ಮರಿಯಿಂದಲ್ಲ. ಸಾಕ್ಸಿನಿಂದ ಏನೂ ಆಗಿರಲಿಲ್ಲ. ಓಡಿಹೋಗಿ ಪಕ್ಕದ ಬೆಂಚಿನ ಹುಡುಗನಿಗೆ ಹೇಳಿಬಿಡಬೇಕು ಎನಿಸಿತು. ಅಷ್ಟರಲ್ಲಿ ಅಮ್ಮ ಟೀ ತಂದಳು.

ಅಣ್ಣ ಬಲಗೈಯಿಂದ ಲೋಟ ಎತ್ತಿದ. ಲೋಟ ನಡುಗಿತು. ಮಡಿಲ ಮೇಲೆ ಎರಡು ಹನಿ ಚೆಲ್ಲಿತು. ಅವನು ಎಡಗೈಯನ್ನೂ ಸೇರಿಸಿ, ಎಳೆಯ ಮಕ್ಕಳು ಹಿಡಿಯುವ ಹಾಗೆ ಲೋಟವನ್ನು ಬಾಯಿಗೆ ತಂದ.

ಕೋಚ್ ಕಿಟಕಿಯ ಕಡೆ ನೋಡಿದರು. ಸೂಜಿ ತನ್ನ ಬ್ಯಾಗಿನ ಜಿಪ್ ಸರಿಮಾಡತೊಡಗಿದಳು. ಅಜ್ಜಿ ಆಫ್ ಆಗಿದ್ದ ಟಿವಿಯನ್ನು ನೋಡುತ್ತಿದ್ದಳು. ಅಮ್ಮ ಒರೆಸುವುದೇನೂ ಇಲ್ಲದಿದ್ದರೂ ಸೆರಗಿನಿಂದ ಟ್ರೇ ಒರೆಸಿದಳು.

ಮರಿ ಮಾತ್ರ ಕಣ್ಣು ತಪ್ಪಿಸಲಿಲ್ಲ. ಆ ಕೈಯನ್ನು ಅವಳು ಪ್ರತಿದಿನ ಬೆಳಿಗ್ಗೆ ನೋಡಿದ್ದಳು. ಊದಿಕೊಂಡದ್ದನ್ನು ಕಂಡಾಗೆಲ್ಲ, ಶನಿವಾರದೊಳಗೆ ಇಳಿಯುತ್ತದಾ, ಗೆಲ್ಲುತ್ತೇವಾ ಎಂದಷ್ಟೇ ಯೋಚಿಸಿದ್ದಳು. ನೀರಿನ ಬಿಸಿಯನ್ನು ವಿಚಾರಿಸಿದ್ದಳು.

ಬಂದವರು ಹೊರಟರು. ಸೂಜಿ ಶೂ ಹಾಕಿಕೊಂಡು, ಅಣ್ಣನಿಗೆ ತಲೆಬಾಗಿಸಿ ಮೆಟ್ಟಿಲಿಳಿದಳು.

ಅಣ್ಣ ಕೋಣೆಗೆ ಹೋದ. ಕಂಪ್ಯೂಟರಿನ ಫ್ಯಾನಿನ ಸದ್ದಿಲ್ಲದೆ ಮನೆ ಬೇರೆಯವರ ಮನೆಯಂತೆ ಅನಿಸಿತು.

ಯಾರೂ ಹೇಳದಿದ್ದರೂ ಮರಿ ನೀರು ಕಾಯಿಸಿದಳು, ಉಪ್ಪು ಹಾಕಿದಳು. ಮಡಚಿಟ್ಟ ಬಟ್ಟೆಗಳ ನಡುವಿನಿಂದ ಕೆಂಪು ಸಾಕ್ಸನ್ನು ಹುಡುಕಿ ತೆಗೆದು ಭುಜದ ಮೇಲೆ ಹಾಕಿಕೊಂಡಳು. ಕೋಣೆಯ ಮುಂದೆ ಬೋಗುಣಿ ಕೆಳಗಿಟ್ಟು, ಚಿಲಕಕ್ಕೆ ಸಾಕ್ಸನ್ನು ನೇತುಹಾಕಿದಳು. ಇನ್ನು ಅಮ್ಮನೂ ಬರುವುದಿಲ್ಲ, ಅಜ್ಜಿಯೂ ಬರುವುದಿಲ್ಲ. ಬೋಗುಣಿ ಎತ್ತಿಕೊಂಡು ಒಳಗೆ ಹೋಗಿ ಕಾಲಿನಿಂದಲೇ ಮೆಲ್ಲಗೆ ಬಾಗಿಲು ಮುಚ್ಚಿದಳು.

ಅಣ್ಣ ಕಪ್ಪಾಗಿದ್ದ ಪರದೆಯ ಮುಂದೆ ಕೂತಿದ್ದ. ಹಸಿರು ಜೆರ್ಸಿ ಕುರ್ಚಿಯ ಬೆನ್ನಿಗಿತ್ತು.

“ಇನ್ಯಾಕೆ ಇದು, ಮರಿ?”

ಅವಳು ಬೋಗುಣಿಯನ್ನು ಅವನ ಮುಂದಿಟ್ಟಳು. ಅವನು ಕೈ ಮುಳುಗಿಸಿದ. ನೀರೊಳಗೆ ಬೆರಳುಗಳು ಮಡಚಲು ನೋಡಿ, ಅರ್ಧಕ್ಕೆ ನಿಂತವು.

“ಬಿಸಿ ಸಾಕು” ಎಂದ, ಅವಳು ಕೇಳುವ ಮೊದಲೇ.

ಮರಿ ನೆಲದ ಮೇಲೆ ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂತಳು. ದಿನವಿಡೀ ಹೇಳಿ ನೋಡಿದ್ದ ಪ್ರಶ್ನೆ ಈಗ ಬೇಕಿರಲಿಲ್ಲ. ನೀರಿನೊಳಗಿನ ಕೈಯನ್ನೇ ನೋಡುತ್ತಾ, ಅಣ್ಣ ಆಟದಲ್ಲಿ ಹೇಳುತ್ತಿದ್ದ ಹಾಗೆ ನಿಧಾನವಾಗಿ, ಹೆಸರು ಮೊದಲು ಹೇಳಿ, ಅವಳು ಕೇಳಿದಳು.

“ಅಣ್ಣ, ತುಂಬಾ ನೋಯುತ್ತಾ?”