ಹನ್ನೆರಡರ ಮಗ್ಗಿ ಮುಗಿಯುವವರೆಗೆ

ಫಕೀರಮ್ಮ ನಲ್ಲಿ ತಿರುಗಿಸಿದರೆ ನೀರು ಬರಲಿಲ್ಲ, ಬುಸ್ ಎಂದು ಗಾಳಿ ಬಂತು.

ಶಾಲೆಯ ಬಿಸಿಯೂಟದ ಅಕ್ಕಿ ತೊಳೆಯಲು ಕುಳಿತಿದ್ದ ಅವಳು ಎದ್ದು ಹೋಗಿ ಟ್ಯಾಂಕನ್ನು ಕೈಯಿಂದ ಬಡಿದು ನೋಡಿದಳು. ಖಾಲಿ ಕೊಡದ ಸದ್ದು! ನಿನ್ನೆಯಷ್ಟೇ ತುಂಬಿದ್ದ ಐದು ಸಾವಿರ ಲೀಟರಿನ ಟ್ಯಾಂಕ್ ಅದು. ತಾವರಗೇರಾದ ಆ ಓಣಿಗೆ ನೀರು ಬರುವುದು ಎಂಟು ದಿನಕ್ಕೊಮ್ಮೆ.

ಅವಳ ಕೂಗು ಕೇಳಿ ಟೀಚರ್, ಮಕ್ಕಳೆಲ್ಲ ಶಾಲೆಯ ಹಿಂದೆ ಓಡಿದರು. ಕೈತೋಟ ಕೆರೆಯಾಗಿತ್ತು. ಬದನೆ ಗಿಡಗಳು ತಲೆಯಷ್ಟೇ ಹೊರಗಿಟ್ಟುಕೊಂಡು ನಿಂತಿದ್ದವು. ಓಣಿಯ ಹಂದಿಗಳೆರಡು ಆಗಲೇ ಬಂದು ಹೊರಳಾಡುತ್ತಿದ್ದವು. ನೂರ ನಲವತ್ತು ಮಕ್ಕಳ ಊಟದ ನೀರು ಕೆಸರಾಗಿ ಬಿದ್ದಿತ್ತು.

ಆರನೆಯ ತರಗತಿಯ ಮುಬಾಶಿರಾ ಬಾಯಿ ತೆರೆದುಕೊಂಡು ನಿಂತಳು. ಇವತ್ತು ಮೊದಲ ಸಲ ತೋಟಕ್ಕೆ ನೀರು ಬಿಟ್ಟದ್ದು ಮಕ್ಕಳಲ್ಲ, ಎಐ ಏಜೆಂಟ್.

ಸುಮಂಗಲಾ ಟೀಚರ್ ಅದನ್ನು ಶಾಲೆಯ ಲ್ಯಾಪ್‌ಟಾಪಿನಲ್ಲಿ ಸಿದ್ಧ ಮಾಡಿದ್ದರು. ಮೊಬೈಲಿನಲ್ಲಿ ‘ತೋಟಕ್ಕೆ ನೀರು ಬಿಡು’ ಎಂದು ಹೇಳಿದರೆ ಸಾಕು. ಅದು ತನ್ನ ಬಳಿ ಇರುವ ಟೂಲ್‌ಗಳ, ಅಂದರೆ ತಾನು ಮಾಡಬಲ್ಲ ಕೆಲಸಗಳ, ವಿವರ ಓದಿ, ಸರಿಯಾದದ್ದನ್ನು ಆರಿಸಿ, ಪೈಪಿನ ವಾಲ್ವ್ ತೆರೆಯುತ್ತಿತ್ತು. ಆ ವಿವರ ಬರೆಯುವ ಕೆಲಸ ಮುಬಾಶಿರಾಳಿಗೆ ಸಿಕ್ಕಿತ್ತು. ನಾಲ್ಕು ದಿನ ಅವಳ ಕಾಲು ನೆಲಕ್ಕೆ ತಾಗಿರಲಿಲ್ಲ. ಇವತ್ತು ಎಂಟೂವರೆಗೆ ಟೀಚರ್ ಮನೆಯಿಂದಲೇ ಅದಕ್ಕೆ ಹೇಳಿದ್ದರು.

ಟೀಚರ್ ಮುಖ ಸಣ್ಣದಾಗಿತ್ತು. “ಈ ಮಷಿನ್ ನಂಬಿ ಕೆಟ್ಟೆ. ವೈರ್ ಕಿತ್ತು ಡಬ್ಬ್ಯಾಗ ಹಾಕೂಣು,” ಎಂದರು.

ಅಬ್ಬಾ, ತಪ್ಪು ಮಷಿನ್ನಿನದು! ಮುಬಾಶಿರಾಳಿಗೆ ಉಸಿರು ಬಂದಂತಾಯಿತು. ಆದರೆ ಆ ಸಮಾಧಾನ ಲ್ಯಾಪ್‌ಟಾಪ್ ನೋಡುವ ತನಕ ಮಾತ್ರ ಉಳಿಯಿತು. ತಾನು ಮಾಡಿದ್ದನ್ನೆಲ್ಲ ಏಜೆಂಟ್ ಅಲ್ಲಿ ಬರೆದಿಟ್ಟಿತ್ತು:

‘ವಿವರದಲ್ಲಿ “ಹನ್ನೆರಡರ ಮಗ್ಗಿ ಮುಗಿಯುವವರೆಗೆ ನೀರು ಬಿಡಬೇಕು” ಎಂದಿದೆ. ಆ ಮಗ್ಗಿಯ ಕೊನೆಯ ಸಂಖ್ಯೆ 120. ಆದ್ದರಿಂದ 120 ನಿಮಿಷ ನೀರು ಬಿಟ್ಟಿದ್ದೇನೆ.’

ಮುಬಾಶಿರಾ ಮತ್ತೊಮ್ಮೆ ಓದಿದಳು. ಆ ವಾಕ್ಯ ಅವಳದೇ.

ಆ ಶಾಲೆಯಲ್ಲಿ ತೋಟಕ್ಕೆ ನೀರು ಬಿಡುವ ಪದ್ಧತಿಯೇ ಹಾಗೆ. ವಾಲ್ವಿನ ಪಕ್ಕ ಕುಳಿತು ‘ಹನ್ನೆರಡೊಂದ್ಲೆ ಹನ್ನೆರಡು’ ಎಂದು ಶುರುಮಾಡಿ, ‘ಹನ್ನೆರಡ್ಹತ್ಲೆ ನೂರಾ ಇಪ್ಪತ್ತು’ ಎಂದಕೂಡಲೇ ಬಂದ್ ಮಾಡುವುದು. ಎಷ್ಟು ನಿಧಾನಕ್ಕೆ ಹೇಳಿದರೂ ಒಂದು ನಿಮಿಷ. ಅದು ಎಲ್ಲರಿಗೂ ಗೊತ್ತು. ಗೊತ್ತಿರುವುದನ್ನು ಯಾರಾದರೂ ಬರೆಯುತ್ತಾರೆಯೇ?

ಟೀಚರ್ ವೈರಿಗೆ ಕೈ ಹಾಕಿದ್ದರು.

“ಮಷಿನ್ದು ತಪ್ಪಿಲ್ಲ ಟೀಚರ್. ಬರದಾಕಿ ನಾನರಿ,” ಎಂದಳು ಮುಬಾಶಿರಾ.

ಟೀಚರ್ ಪರದೆಯನ್ನು ಎರಡು ಸಲ ಓದಿದರು. “ನಾನೂ ಓದಿದ್ನೆಲ್ಲವಾ. ನನಗೂ ಸರಿ ಅನಿಸಿತ್ತು,” ಎಂದು ವೈರು ಬಿಟ್ಟರು.

ಫಕೀರಮ್ಮ ಮನೆ ಮನೆಗೆ ಹೋಗಿ ನೀರು ಕೇಳಿದಳು. ತುಂಬಿಟ್ಟುಕೊಂಡ ನೀರಿನಲ್ಲೇ ಒಬ್ಬೊಬ್ಬರು ಒಂದೊಂದು ಕೊಡ ಕೊಟ್ಟರು. ದೊಡ್ಡ ಮಕ್ಕಳೆಲ್ಲ ಹೊತ್ತು ತಂದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರಲ್ಲ, ಮೊನ್ನೆಯಷ್ಟೇ ಕಾರಟಗಿಯಿಂದ ಬಂದು ಶಾಲೆ ಸೇರಿದ್ದ ಹೊಳಿಯಮ್ಮನೂ ಒಂದು ಕೊಡ ಹೊತ್ತಿದ್ದಳು. ಅನ್ನ ಆಗುವಾಗ ಮೂರು ಗಂಟೆ. ಮುಬಾಶಿರಾಳನ್ನು ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಫಕೀರಮ್ಮ ಮಾತ್ರ ಬಡಿಸುತ್ತ ಕೇಳಿದಳು: “ನನಗ ಹೇಳಿದ್ರ, ಎಷ್ಟೊತ್ತವಾ ಅಂತ ಒಂದ್ಮಾತು ಕೇಳ್ತಿದ್ದೆ. ಆ ಮಷಿನ್ ಕೇಳಂಗಿಲ್ಲೇನು?”

“ತಿಳೀದಿದ್ರ ಕೇಳು ಅಂತ ನಾ ಬರದಿದ್ದಿಲ್ರಿ.”

ಊಟ ಮುಗಿಸಿ ಮುಬಾಶಿರಾ ವಿವರವನ್ನು ಹೊಸದಾಗಿ ಬರೆಯಲು ಕುಳಿತಳು. ‘ನೀರು ಬಿಡು. 60 ಸೆಕೆಂಡ್ ಮಾತ್ರ. ದಿನಕ್ಕೆ ಒಂದೇ ಸಲ. ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇದ್ದರೆ ಬಿಡಬೇಡ. ತಿಳಿಯದಿದ್ದರೆ ಟೀಚರನ್ನು ಕೇಳು.’

ಇದನ್ನು ಯಾರಿಗೆ ತೋರಿಸುವುದು? ಟೀಚರಿಗೆ ಎಲ್ಲ ಗೊತ್ತು. ಗೊತ್ತಿದ್ದವರು ಮತ್ತೆ ಸರಿ ಎಂದೇ ಹೇಳುತ್ತಾರೆ. ಅವಳು ನೋಟ್‌ಬುಕ್ ಹಿಡಿದು, ಕಟ್ಟೆಯ ಮೇಲೆ ಒಬ್ಬಳೇ ಕುಳಿತಿದ್ದ ಹೊಳಿಯಮ್ಮನ ಹತ್ತಿರ ಹೋದಳು.

ಹೊಳಿಯಮ್ಮ ಬೆರಳಿಟ್ಟು ಓದಿದಳು. ಮೂರನೆಯ ಸಾಲು ದಾಟಿ ಬೆರಳು ನಿಂತಿತು. “ಅರ್ಧ ಇದ್ರ ಯಾಕ ಬಿಡಬಾರದು? ನಾಳಿ ಮತ್ತ ನೀರು ಬರ್ತಾವಲ್ಲ?”

ಮುಬಾಶಿರಾಳಿಗೆ ಮೊನ್ನೆಯದು ನೆನಪಾಯಿತು. ಹೊಳಿಯಮ್ಮ ನಲ್ಲಿ ಬಿಟ್ಟುಕೊಂಡೇ ತಟ್ಟೆ ತೊಳೆದಿದ್ದಳು. “ಅಷ್ಟೂ ತಿಳಿಯಂಗಿಲ್ಲೇನು ನಿನಗ?” ಎಂದು ಎಲ್ಲರ ಮುಂದೆ ಚೀರಿದವಳು ತಾನೇ. ಆಮೇಲೆ ಹೊಳಿಯಮ್ಮ ಯಾರನ್ನೂ ಏನೂ ಕೇಳಿರಲಿಲ್ಲ.

“ನಾಳಿ ಬರಂಗಿಲ್ಲ,” ಎಂದಳು ಮುಬಾಶಿರಾ ಮೆಲ್ಲಗೆ. “ಇಲ್ಲಿ ಎಂಟು ದಿನಕ್ಕೊಮ್ಮೆ ಬರ್ತಾವ.”

“ಹೌದಾ? ನಮ್ಮೂರಾಗ ದಿನಾ ಬರ್ತಿದ್ವು. ನನಗ ಯಾರೂ ಹೇಳಿದ್ದಿಲ್ಲ.”

ಮುಬಾಶಿರಾ ಅವಳ ಪಕ್ಕದಲ್ಲೇ ಕುಳಿತಳು. ‘ಇಲ್ಲಿ ನೀರು ಬರುವುದು ಎಂಟು ದಿನಕ್ಕೊಮ್ಮೆ’ ಎಂದು ಹಾಳೆಯಲ್ಲಿ ಎಲ್ಲಕ್ಕಿಂತ ಮೇಲೆ ಬರೆದಳು. ಆಮೇಲೆ ಪೆನ್ಸಿಲನ್ನು ಹೊಳಿಯಮ್ಮನ ಕೈಗೆ ಕೊಟ್ಟು, “ನಿನಗ ಇನ್ನೇನೇನು ಗೊತ್ತಿಲ್ಲ, ಬರಿ,” ಎಂದಳು.