ಪರದೆ ಮೇಲಿನ ಕೊಡೆ

“ಮೆಷಿನ್ ಒರೆಸೋನಿಗೆ ಬಣ್ಣದ ಮಾತು ಯಾಕಪ್ಪಾ? ಮೊದಲು ಹೋಗಿ ಉಗುರು ತೊಳ್ಕೊಂಡು ಬಾ.”

ಮೇಷ್ಟ್ರು ಮೈಕಿನಲ್ಲೇ ಹೇಳಿದರು. ನಲವತ್ತು ಕುರ್ಚಿಗಳೂ ನಕ್ಕವು.

ಅದು ಊರಿನ ಗ್ರಾಫಿಕ್ ಡಿಸೈನರುಗಳ ಬಳಗ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಬಾಡಿಗೆ ಹಾಲಿನಲ್ಲಿ ಸೇರುತ್ತಾರೆ. ಒಬ್ಬರು ಮಾತಾಡುತ್ತಾರೆ, ಉಳಿದವರು ತಲೆದೂಗುತ್ತಾರೆ. ಬಳಗ ಕಟ್ಟಿದವರು ಮೇಷ್ಟ್ರು. ಅವರ ಪೋಸ್ಟರುಗಳನ್ನೆಲ್ಲ ಪ್ರೆಸ್ಸಿನಲ್ಲಿ ಅಚ್ಚು ಹಾಕುವವನು ಮಸಿ. ಎಲ್ಲರೂ ಅವನನ್ನು ಕರೆಯುವುದೇ ಹಾಗೆ. ಇಪ್ಪತ್ತಮೂರು ವಯಸ್ಸು, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅವನು ಕೇಳಿದ್ದು ಇಷ್ಟೇ: “ನೀವು ಕಂಪ್ಯೂಟರಲ್ಲಿ ನೋಡೋ ಬಣ್ಣ ಕಾಗದದ ಮೇಲೆ ಬರಲ್ಲ. ಬೈಸ್ಕೊಳ್ಳೋರು ನಾವು. ಅದರ ಬಗ್ಗೆ ಒಂದಿನ ಮಾತಾಡ್ತೀರಾ?”

ನಗು ನಿಲ್ಲುವ ಮೊದಲೇ ಮಸಿ ವೇದಿಕೆಗೆ ನುಗ್ಗಿ ಮೇಷ್ಟ್ರ ಕಾಲರ್ ಹಿಡಿದ. ನಾಲ್ಕು ಜನ ಸೇರಿ ಬಿಡಿಸಿದರು. ಬಿಳಿ ಕಾಲರಿನ ಮೇಲೆ ಕಪ್ಪು ಬೆರಳಚ್ಚು ಉಳಿಯಿತು. ಮಸಿ ಬಾಗಿಲು ಒದ್ದು ಹೊರಗೆ ಹೋದ.

“ಕೊನೇ ಭಾಷಣ ನಂದು. ಕಾಗದ ನೋಡ್ಕೊಂಡು ಬರ್ತೀನಿ,” ಎಂದು ಮೇಷ್ಟ್ರು ಹಾಲಿನ ಹಿಂದಿದ್ದ ಸಾಮಾನಿನ ಕೋಣೆಗೆ ಹೋದರು. ಹಾಲಿನ ದೀಪ ಆರಿತು. ಅತಿಥಿಯಾಗಿ ಬಂದ ಹೆಂಗಸು ತನ್ನ ಪೋಸ್ಟರುಗಳನ್ನು ಒಂದೊಂದಾಗಿ ಪರದೆ ಮೇಲೆ ತೋರಿಸತೊಡಗಿದಳು.

ಒಂದು ಗಂಟೆಯ ನಂತರ ದೀಪ ಹತ್ತಿತು. ಚಪ್ಪಾಳೆಯ ನಡುವೆಯೇ ಚೀರಾಟ ಕೇಳಿತು.

ಚೀರಿದವಳು ಹಾಲ್ ಗುಡಿಸುವ ಹೆಂಗಸು, ಮಸಿಯ ಅಕ್ಕ. ಪೊರಕೆ ತರಲು ಹೋದವಳು ಬಾಗಿಲಲ್ಲೇ ಕುಸಿದಿದ್ದಳು. ಒಳಗೆ ಮೇಷ್ಟ್ರು ಮುಖ ಅಡಿಯಾಗಿ ಬಿದ್ದಿದ್ದರು. ತಲೆಯ ಹಿಂಭಾಗ ಒಡೆದ ಕಾಯಿಯಂತಾಗಿತ್ತು. ಪಕ್ಕದಲ್ಲಿ ಬ್ಯಾನರ್ ಸ್ಟ್ಯಾಂಡಿನ ಕಬ್ಬಿಣದ ಕಾಲು ಬಿದ್ದಿತ್ತು. ಅದರ ತುದಿಗೆ ನೆರೆಗೂದಲು ಅಂಟಿತ್ತು.

*  *  *

“ಅವನೇ! ಹಿಡೀರಿ ಅವನ್ನ!”

ಮಸಿಗೆ ಬಿದ್ದ ಮೊದಲ ಗುದ್ದು ಬಸ್ಸಣ್ಣನದು. ಊರಿನ ಬಸ್ಸುಗಳ ಮೇಲಿರುವ ಲಾಂಛನ ಬರೆದವನೆಂದು ಅವನಿಗೆ ಆ ಹೆಸರು. ಬಳಗದಲ್ಲಿ ಮೇಷ್ಟ್ರ ನಂತರ ಅವನದೇ ಮಾತು. ಉಳಿದವರಿಗೂ ಕೈ ಬಂತು. ಬೂಟು ಪಕ್ಕೆಗೆ ಬಿತ್ತು, ಕುರ್ಚಿ ಬೆನ್ನಿಗೆ ಬಿತ್ತು. ಡಿಸೈನ್ ಓದಿಸುವಾಗ ಒದೆಯುವುದನ್ನೂ ಕಲಿಸುತ್ತಾರೆಂದು ಮಸಿಗೆ ಅವತ್ತು ಗೊತ್ತಾಯಿತು.

ಇನ್ಸ್‌ಪೆಕ್ಟರ್ ಬರುವ ಹೊತ್ತಿಗೆ ಅವನ ತುಟಿ ಸೀಳಿತ್ತು. ಆಕೆ ಹೆಣ ನೋಡಿದಳು, ಕಾಲರ್ ನೋಡಿದಳು, ಮಸಿಯ ಕೈ ನೋಡಿದಳು. ಕೈಕೋಳ ತೊಡಿಸಿದಳು.

“ಎಷ್ಟು ಹೊತ್ತು ಹೊರಗಿದ್ದೆ?”

“ಹತ್ತು ನಿಮಿಷ. ಮೆಟ್ಟಿಲ ಮೇಲೆ ಕೂತಿದ್ದೆ.”

“ನೋಡಿದೋರು?”

“ಯಾರೂ ಇಲ್ಲ.”

“ಕೊಲ್ಲೋಕೆ ಹತ್ತು ನಿಮಿಷ ಜಾಸ್ತೀನೇ ಆಯ್ತು. ಆಮೇಲೆ?”

“ಒಳಗೆ ಬಂದು ಪ್ರೊಜೆಕ್ಟರ್ ಪಕ್ಕ ನಿಂತೆ. ಕೇಬಲ್ಲಿನ ಕತ್ತು ಬಗ್ಗಿತ್ತು. ಸರಿ ಮಾಡೋಕೆ ಕೈ ಹಾಕ್ದೆ. ‘ಮುಟ್ಟಬೇಡ್ವೋ’ ಅಂತ ಗದರಿದ್ರು.”

“ಕೂತು ಕೇಳೋದು ಬಿಟ್ಟು ರಿಪೇರಿಗೆ ಬಂದಿದ್ದ ಮೇಡಂ,” ಎಂದ ಮುಂದಿನ ಸಾಲಿನ ಗಡ್ಡದವನು. “ನಾನೇ ಗದರಿದ್ದು.”

ಅಕ್ಕ ಅಡ್ಡ ಬಂದಳು. ಸೀರೆಯ ಅಂಚು ರಕ್ತದಲ್ಲಿ ನೆನೆದಿತ್ತು. “ನನ್ನ ತಮ್ಮ ಮುಂಗೋಪಿ, ನಿಜ. ಹೊಡೆಯೋದಾದ್ರೆ ಎದುರಿಗೇ ಹೊಡೀತಾನೆ. ಎಲ್ಲರ ಮುಂದೇ ಕಾಲರ್ ಹಿಡಿದೋನು ಹಿಂದಿನಿಂದ ಯಾಕೆ ಹೊಡೀಲಿ?”

“ಕೋರ್ಟಲ್ಲಿ ಹೇಳಮ್ಮ,” ಎಂದಳು ಇನ್ಸ್‌ಪೆಕ್ಟರ್. ಆದರೆ ಜೀಪಿನತ್ತ ಹೊರಟವಳು ನಿಂತಳು. “ಎಲ್ಲರೂ ಕೂತ್ಕೊಳ್ಳಿ. ಯಾರ್ಯಾರು ಎಲ್ಲಿದ್ರಿ ಹೇಳಿ.”

*  *  *

ಒಬ್ಬೊಬ್ಬರೇ ಹೇಳಿದರು. ಬಸ್ಸಣ್ಣನ ಸರದಿ ಬಂತು.

“ಮೊದಲಿಂದ ಕೊನೇವರೆಗೂ ಹಿಂದಿನ ಸಾಲಲ್ಲೇ ಇದ್ದೆ ಮೇಡಂ.”

“ಅಲ್ಲಿ ನಿಮ್ಮನ್ನ ಯಾರಾದ್ರೂ ನೋಡಿದ್ರಾ?”

“ಕತ್ತಲು. ಎಲ್ಲರ ಕಣ್ಣೂ ಪರದೆ ಮೇಲೆ. ನಂದೂ ಅಲ್ಲೇ. ಎಂಥ ಕೆಲಸ ಅಂತೀರಿ! ಆ ಕೊಡೆ ಪೋಸ್ಟರ್ ಬಂತಲ್ಲ, ಬೆಳ್ಳನೆ ಹಾಳೆ ಮೇಲೆ ಉರಿಯೋ ಕೆಂಪು! ಅಷ್ಟು ದೊಡ್ಡದಾಗಿ ನೋಡ್ದಾಗ ಕೆನ್ನೆಗೆ ಬಾರಿಸಿದ ಹಾಗಾಯ್ತು.”

ಮಸಿ ನಕ್ಕ. ಹಲ್ಲೆಲ್ಲ ರಕ್ತ.

“ಕೊಡೆ ಯಾವ ಬಣ್ಣ ಅಂದ್ರಿ?”

“ಕೆಂಪು.”

“ಇವತ್ತು? ಈ ಪರದೆ ಮೇಲೆ?”

“ಹೌದು ಕಣೋ! ಇಷ್ಟಗಲ ಪರದೆ, ಕಣ್ಣು ಕಾಣಲ್ವಾ ನಿಂಗೆ?”

ಗಡ್ಡದವನು ಪಕ್ಕದವಳ ಮುಖ ನೋಡಿದ. ಪಕ್ಕದವಳು ಬಸ್ಸಣ್ಣನ ಮುಖ ನೋಡಿದಳು.

“ಮೇಡಂ,” ಎಂದ ಮಸಿ, “ಕೇಬಲ್ ಯಾರೂ ಮುಟ್ಟಿಲ್ಲ. ಅದೇ ಚಿತ್ರ ಮತ್ತೆ ಹಾಕ್ಸಿ.”

ದೀಪ ಆರಿತು. ಪರದೆ ಬೆಳಗಿತು. ಬಿಳಿಯಿರಬೇಕಾದ ಹಾಳೆ ನೀಲಿ ಹಸಿರಾಗಿತ್ತು. ನಡುವೆ ಕೊಡೆ ಇತ್ತು. ಬಾವಲಿಯಂತೆ ಕಪ್ಪಗಿತ್ತು.

“ಅಯ್ಯೋ ದೇವ್ರೇ!” ಅತಿಥಿ ಎದ್ದು ನಿಂತಳು. “ನನ್ನ ಲ್ಯಾಪ್‌ಟಾಪಲ್ಲಿ ಕೆಂಪಾಗೇ ಇದೆ. ನಾನು ಅದನ್ನೇ ನೋಡ್ತಿದ್ದೆ. ಒಂದು ಗಂಟೆ ಹೀಗೇ ತೋರಿಸ್ದೆನಾ? ಒಬ್ಬರಾದ್ರೂ ಹೇಳಬಾರದಾ?”

“ಅತಿಥಿಗಳಿಗೆ ಮುಜುಗರ ಆಗುತ್ತೆ ಅಂತ...” ಗಡ್ಡದವನು ತೊದಲಿದ. ಫೋನ್ ತೆಗೆದು ಇನ್ಸ್‌ಪೆಕ್ಟರಿಗೆ ತೋರಿಸಿದ. ಕತ್ತಲಲ್ಲಿ ಕೂತು ಮೂವರು ಗೆಳೆಯರು ಪರಸ್ಪರ ಬರೆದುಕೊಂಡಿದ್ದರು: ಕೆಂಪು ಎಲ್ಲಿ ಹೋಯ್ತೋ?

“ಕೇಬಲ್ಲಲ್ಲಿ ಕೆಂಪು ಬಣ್ಣ ತರೋ ತಂತಿ ಬಿಟ್ಟಿದೆ,” ಎಂದ ಮಸಿ. “ಮೊದಲಿಂದಲೂ ಕೆಂಪು ಬಂದೇ ಇಲ್ಲ. ಕೂತಿದ್ದೋರೆಲ್ಲ ಕಪ್ಪು ಕೊಡೆ ನೋಡಿದ್ರು. ಇವರೊಬ್ಬರೇ ಕೆಂಪು ನೋಡಿದ್ರು.”

“ನಿನ್ನೆ ಇವರು ಫೈಲ್ ಕಳ್ಸಿದ್ರು,” ಬಸ್ಸಣ್ಣ ಅತಿಥಿಯತ್ತ ಕೈ ತೋರಿಸಿದ. “ಅದು ತಲೇಲಿತ್ತು...”

“ನಿನ್ನೆ ನೋಡಿದ್ದು ಇವತ್ತು ಕೆನ್ನೆಗೆ ಬಾರಿಸ್ತಾ? ಒಂದು ಗಂಟೆ ಪರದೆ ನೋಡಿದ ಡಿಸೈನರ್‌ಗೆ ಬಣ್ಣ ಸತ್ತಿದ್ದು ಕಾಣಲಿಲ್ವಾ? ನೀವು ಬಂದಿದ್ದೇ ದೀಪ ಹತ್ತಿದ ಮೇಲೆ.” ಮಸಿ ಒಂದು ಹೆಜ್ಜೆ ಮುಂದೆ ಬಂದ. “ಬರುವಾಗ ಕೋಟು ತೋಳ ಮೇಲಿತ್ತು. ಈ ಸೆಕೇಲಿ ಕುತ್ತಿಗೇವರೆಗೂ ಗುಂಡಿ ಯಾಕೆ?”

ಮೇಜಿನ ಮೇಲೆ ಕಾಗದ ಕತ್ತರಿಸುವ ಕಟ್ಟರ್ ಇತ್ತು. ಬಸ್ಸಣ್ಣ ಅದನ್ನೆತ್ತಿ ಬೀಸಿದ. ಮಸಿ ಕೋಳದ ಕೈಗಳನ್ನೇ ಅಡ್ಡ ಹಿಡಿದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ತೆರೆದುಕೊಂಡಿತು. ಎರಡನೆಯ ಸಲ ಬೀಸುವ ಮೊದಲೇ ಮಸಿ ಹಣೆಯಿಂದ ಅವನ ಮೂಗಿಗೆ ಗುದ್ದಿದ. ಮೂಳೆ ಲಟಕ್ಕೆಂದಿತು. ಬಿದ್ದವನ ಬೆನ್ನ ಮೇಲೆ ಇನ್ಸ್‌ಪೆಕ್ಟರ್ ಮಂಡಿಯೂರಿದಳು.

ಕೋಟು ಬಿಚ್ಚಿಸಿದರು. ಅಂಗಿಯ ಎದೆ ತುಂಬ ರಕ್ತ ಚಿಮ್ಮಿ ಒಣಗಿತ್ತು. ಒಳಜೇಬಿನಲ್ಲಿ ಮೇಷ್ಟ್ರ ಪೆನ್‌ಡ್ರೈವ್ ಸಿಕ್ಕಿತು.

*  *  *

ಪೆನ್‌ಡ್ರೈವಿನಲ್ಲಿದ್ದದ್ದು ಮೇಷ್ಟ್ರ ಕೊನೇ ಭಾಷಣ. ಮೊದಲ ಪುಟದಲ್ಲಿ ಅಕ್ಕಪಕ್ಕ ಎರಡು ಚಿತ್ರ. ಬಲಕ್ಕೆ ಬಸ್ಸಿನ ಲಾಂಛನ. ಎಡಕ್ಕೆ ಹಳೆಯ ಶಿಷ್ಯೆಯೊಬ್ಬಳ ನೋಟ್‌ಬುಕ್ಕಿನ ಹಾಳೆ, ಅದರಲ್ಲಿ ಪೆನ್ಸಿಲಿನಲ್ಲಿ ಅದೇ ಗೆರೆ, ಅದೇ ತಿರುವು. ಕೆಳಗೆ ತಾರೀಖು. ಲಾಂಛನಕ್ಕಿಂತ ಮೂರು ವರ್ಷ ಹಿಂದಿನದು.

“ಹೇಳಬೇಡಿ ಅಂತ ಕಾಲು ಹಿಡಿದೆ,” ಬಸ್ಸಣ್ಣ ಒಡೆದ ಮೂಗಿನಿಂದ ಗೊಣಗಿದ. “ಎಲ್ಲರ ಮುಂದೆ ಹೇಳ್ತೀನಿ ಅಂದ್ರು. ಬೆನ್ನು ತಿರುಗಿಸಿ ಕಾಗದ ಜೋಡಿಸೋಕೆ ನಿಂತ್ರು. ಆ ಬಸ್ಸು ಬಿಟ್ರೆ ನಾನು ಯಾರು?”

ನಲವತ್ತು ಜನರ ಮುಂದೆ ಮಾನ ಹೋಗುವುದನ್ನು ಅವನು ಒಂದು ನಿಮಿಷ ಊಹಿಸಿಕೊಂಡಿದ್ದ, ಅಷ್ಟೇ. ಅದಕ್ಕೊಂದು ತಲೆ ಒಡೆದ. ರಕ್ತ ತೊಳೆದು, ಭಾಷಣ ಕದ್ದು, ಕೋಣೆಯ ಹೊರಬಾಗಿಲಿನಿಂದ ಸುತ್ತಿ ಹಾಲಿಗೆ ಬಂದು ಚಪ್ಪಾಳೆ ತಟ್ಟಿದ. ಮಸಿಗೆ ಮೊದಲ ಗುದ್ದು ಹಾಕಿದ್ದೂ ಲೆಕ್ಕ ಹಾಕಿಯೇ. ಹೊಸ ರಕ್ತ ಕೈಗೆ ಹತ್ತಿದರೆ ಹಳೆಯದನ್ನು ಯಾರು ಹುಡುಕುತ್ತಾರೆ?

ಇನ್ಸ್‌ಪೆಕ್ಟರ್ ಕೋಳ ಬಿಚ್ಚಿದಳು. “ಕೈಗೆ ಹೊಲಿಗೆ ಹಾಕಿಸ್ಕೊ. ನಿನ್ನ ಹೊಡೆದೋರ ಮೇಲೂ ದೂರು ಕೊಡಬಹುದು. ಬರೀತೀಯಾ?”

ಅಕ್ಕ ತನ್ನ ಸೆರಗು ಹರಿದು ಮಸಿಯ ಕೈಗೆ ಕಟ್ಟುತ್ತಿದ್ದಳು. ಗಡ್ಡದವನು ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಂದ.

“ತಪ್ಪಾಯ್ತಪ್ಪ. ಆ ಹೊತ್ತಲ್ಲಿ ಯಾರಿಗೂ ತಲೆ ಓಡಲಿಲ್ಲ. ನೀವು... ದೂರು ಗೀರು ಕೊಡಲ್ಲ ತಾನೆ? ನಾವೆಲ್ಲ ಓದಿದೋರು, ಕೆಲಸದಲ್ಲಿರೋರು. ನಮ್ಮ ಬಳಗದ ಹೆಸರು ನೋಡಿ...”

ಇಡೀ ಹಾಲ್ ಉತ್ತರಕ್ಕೆ ಕಾಯಿತು.

ಮಸಿ ತನ್ನ ಪಕ್ಕೆಗೆ ಬಿದ್ದಿದ್ದ ಅವನ ಬೂಟು ನೋಡಿದ. ಆಮೇಲೆ ಮುಖ ನೋಡಿದ. ಅಕ್ಕನ ಹೆಗಲ ಮೇಲೆ ಕೈಯಿಟ್ಟು ಮೆಟ್ಟಿಲಿಳಿದು ಹೋದ.