ಸ್ಟೆಪ್ನಿ ಬೇಕೋ, ಬೇಡವೋ

"ಸ್ಟೆಪ್ನಿ ಬೇಡ," ಅಂದ ಟೈರ್ ಅಂಗಡಿಯವನು.

ತಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇನೋ ಅಂದುಕೊಂಡಳು ಅವಳು. ಟೈರ್ ಮಾರುವವನೇ ಹೆಚ್ಚುವರಿ ಟೈರ್ ಬೇಡ ಅನ್ನುವುದನ್ನು ಮೂವತ್ತೇಳು ವರ್ಷದಲ್ಲಿ ಎಲ್ಲೂ ಕಂಡಿರಲಿಲ್ಲ.

"ನಾನು ಕೊಳ್ಳೋಕೆ ಬಂದಿರೋದು. ಸಲಹೆ ಕೇಳೋಕಲ್ಲ."

"ಗೊತ್ತಾಯ್ತು. ಆದ್ರೂ ಬೇಡ."

ಅಂಗಡಿಯ ಮುಂದೆ ಅವಳ ಮೋಟಾರ್‌ಹೋಮ್ ನಿಂತಿತ್ತು. ಹಿಂದೆ ವಯಸ್ಸಾದ ದಂಪತಿ ಅದರಲ್ಲಿ ಊರೂರು ಸುತ್ತಿದ್ದರಂತೆ. ಈಗ ಒಳಗೆ ಕಣ್ಣು ಪರೀಕ್ಷೆಯ ಕುರ್ಚಿ, ಗೋಡೆಯ ಮೇಲೆ ಅಕ್ಷರಗಳ ಹಲಗೆ, ಡ್ರಾಯರ್ ತುಂಬ ಫ್ರೇಮುಗಳು, ಗಾಜು ಉಜ್ಜುವ ಒಂದು ಯಂತ್ರ. ಹನ್ನೊಂದು ವರ್ಷ ದೊಡ್ಡ ಕನ್ನಡಕದ ಅಂಗಡಿಯಲ್ಲಿ ದುಡಿದು, ಹೋದ ತಿಂಗಳು ಬಿಟ್ಟಿದ್ದಳು. ಕನ್ನಡಕದ ಅಂಗಡಿಯೇ ಇಲ್ಲದ ಸಣ್ಣ ಊರುಗಳಿಗೆ ಹೋಗುವುದು, ಬೆಳಿಗ್ಗೆ ಕಣ್ಣು ನೋಡಿ ಸಂಜೆಗೆ ಕನ್ನಡಕ ಕೈಗೆ ಕೊಡುವುದು ಅವಳ ಯೋಚನೆ. ಸೋಮವಾರ ಹೊರಡಬೇಕು. ಇವತ್ತು ಬುಧವಾರ.

"ಇದು ಕಾರಲ್ಲ ಮೇಡಂ," ಅಂದ ಅವನು. "ಮೂರೂವರೆ ಟನ್. ರಸ್ತೆ ಪಕ್ಕ ಒಬ್ಬರೇ ಜಾಕ್ ಕೊಟ್ಟು ಎತ್ತೋ ಗಾಡಿ ಅಲ್ಲವೇ ಅಲ್ಲ. ಸ್ಟೆಪ್ನಿ ಇದ್ರೆ ಎತ್ತೋಣ ಅನ್ಸುತ್ತೆ. ನನ್ನ ನಂಬರ್ ಇಟ್ಕೊಳ್ಳಿ. ಎಲ್ಲಿದ್ರೂ ಯಾರನ್ನಾದ್ರೂ ಕಳಿಸ್ತೀನಿ, ಕಾಯಿರಿ."

"ನಾನು ಯಾರಿಗೂ ಕಾಯಲ್ಲ."

ಅದನ್ನು ಅವಳು ಹೇಳಿದ ರಭಸಕ್ಕೆ ಅವನು ತಲೆ ಎತ್ತಿದ. ಅವಳ ಬೆರಳಲ್ಲಿ ಬೀಗದ ಕೈ ಗಿರಗಿರ ತಿರುಗುತ್ತಿತ್ತು. ಬಂದಾಗಿನಿಂದ ಅವಳು ಒಂದು ಕಡೆ ನಿಂತಿರಲಿಲ್ಲ. ಟೈರಿನ ರಾಶಿಯನ್ನು ಎರಡು ಸುತ್ತು ಹಾಕಿದ್ದಳು.

"ಕೂತ್ಕೊಳ್ಳಿ," ಅಂದ.

"ಬೇಡ."

ಅವನು ನಕ್ಕು, ಗಾಡಿಯ ಟೈರಿನ ಅಂಚಿನಲ್ಲಿದ್ದ ಸಣ್ಣ ಅಂಕಿ ಓದಲು ಬಗ್ಗಿದ. ಓದಲಾಗದೆ ಹಿಂದೆ ಸರಿದ. ಮತ್ತೆ ಇನ್ನಷ್ಟು ಸರಿದ. ಕೊನೆಗೆ ಮೊಬೈಲಿನಲ್ಲಿ ಫೋಟೋ ತೆಗೆದು, ತೋಳು ಪೂರ್ತಿ ಚಾಚಿ ಹಿಡಿದು ನೋಡಿದ.

"ಎಷ್ಟು ದಿನದಿಂದ ಹೀಗೆ?" ಅಂತ ಕೇಳಿದಳು.

"ಏನು?"

"ಕೈ ಉದ್ದ ಸಾಲ್ತಾ ಇಲ್ವಲ್ಲ ನಿಮಗೆ."

ಹತ್ತು ನಿಮಿಷದಲ್ಲಿ ಅವನು ಗಾಡಿಯೊಳಗೆ ಪರೀಕ್ಷೆಯ ಕುರ್ಚಿಯಲ್ಲಿದ್ದ. ಕೈಗಳನ್ನು ಸೋಪು ಹಾಕಿ ತೊಳೆದುಕೊಂಡು ಬಂದಿದ್ದರೂ ಉಗುರಿನ ಸುತ್ತ ಕಪ್ಪು ಉಳಿದಿತ್ತು. ಮೂಗಿನ ಮೇಲೆ ಭಾರದ ಫ್ರೇಮ್ ಕೂರಿಸಿ, ಅವಳು ಒಂದೊಂದೇ ಗಾಜು ಬದಲಿಸುತ್ತ ಬಂದಳು.

"ಇದು ಚೆನ್ನಾಗಿದೆಯೋ, ಇದೋ?"

"ಎರಡೂ ಒಂದೇ ಥರ."

"ಇಲ್ಲ. ಸರಿಯಾಗಿ ನೋಡಿ ಹೇಳಿ."

ಅವಳ ಪಾಲಿಗೆ ಕಣ್ಣು ಅಂದರೆ ಕಣ್ಣು, ಅಷ್ಟೇ. ದಿನಕ್ಕೆ ನಲವತ್ತು ಜನರ ಕಣ್ಣಿಗೆ ಬೆಳಕು ಬಿಟ್ಟು ನೋಡಿದವಳು. ಇವತ್ತು ಯಾಕೋ ಆ ಕಣ್ಣು ತಿರುಗಿ ತನ್ನನ್ನು ನೋಡುತ್ತಿದೆ ಅನ್ನಿಸಿ, ತೆಗೆದ ಗಾಜನ್ನೇ ಮತ್ತೆ ಹಾಕಿದಳು.

ಓದುವ ಗಾಜು ಹಾಕಿದಳು. ಹತ್ತಿರದ್ದು ಕಾಣಲು ಹಾಕುವ ಗಾಜು ಅದು. ಸಣ್ಣ ಅಕ್ಷರಗಳ ಕಾರ್ಡನ್ನು ಅವನ ಮುಂದೆ ಹಿಡಿದಳು. ಅವನು ತಲೆ ಎತ್ತಿದ. ಇಬ್ಬರ ಮುಖದ ನಡುವೆ ಒಂದು ಗೇಣು ಜಾಗ.

"ಓ," ಅಂದ ಮೆಲ್ಲಗೆ.

"ಏನು?"

"ನಿಮ್ಮ ಹುಬ್ಬಿನ ಹತ್ರ ಒಂದು ಚಿಕ್ಕ ಗಾಯದ ಗುರುತಿದೆ. ಇಷ್ಟೊತ್ತು ಕಂಡಿರಲಿಲ್ಲ."

"ಕಾರ್ಡ್ ನೋಡಿ."

"ನೋಡ್ತೀನಿ. ನೀವು ಅದನ್ನ ತಲೆಕೆಳಗೆ ಹಿಡಿದಿದೀರಿ."

ಮರುದಿನ ಕನ್ನಡಕ ಕೊಡುವ ನೆಪದಲ್ಲಿ ಮತ್ತೆ ಹೋದಳು. ಅವನಿರಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಅವನ ಅಪ್ಪ ಕೂತಿದ್ದರು. ಪಕ್ಕದಲ್ಲಿ ಊರುಗೋಲು. ಎಡಗಾಲಿನ ಪಾದ ಅರ್ಧವೇ ಇತ್ತು.

ಅವಳು ಪಾದ ನೋಡಿದ್ದನ್ನು ಅವರು ಗಮನಿಸಿದರು. "ಜಾಕ್ ಜಾರಿತು ಮಗಳೇ," ಅಂದರು. "ರಸ್ತೆ ಪಕ್ಕ, ಮೆತ್ತನೆ ಮಣ್ಣು. ಗಾಡಿ ಕಾಲ ಮೇಲೆ ಬಂತು. ನನ್ನ ಮಗನಿಗೆ ಆಗ ಒಂಬತ್ತು ವರ್ಷ. ಜನ ಬರೋವರೆಗೂ ನನ್ನ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದ. ಅವತ್ತಿಂದ ಒಂಟಿಯಾಗಿ ಹೋಗೋರಿಗೆ ಸ್ಟೆಪ್ನಿ ಮಾರೋದು ಅಂದ್ರೆ ಅವನಿಗೆ ಆಗಲ್ಲ."

ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತಳು. ಅವನು ಬಂದು ಅವಳನ್ನೂ ಅಪ್ಪನನ್ನೂ ನೋಡಿದ ಕೂಡಲೇ ಅವನಿಗೆ ವಿಷಯ ತಿಳಿಯಿತು.

"ನಂದೂ ಕೇಳಿ," ಅಂದಳು ಅವಳು. "ಒಂದು ಸಲ ಊರಾಚೆ ಕಾರಿನ ಟೈರ್ ಹೋಯ್ತು. ಗಂಡನಿಗೆ ಫೋನ್ ಮಾಡಿದೆ. ಬಂದೆ, ಹತ್ತು ನಿಮಿಷ ಅಂದ್ರು. ಐದು ಗಂಟೆ ಕಾದೆ. ಮರೆತು ಮಲಗಿಬಿಟ್ಟಿದ್ರು. ಕೆಟ್ಟವರಲ್ಲ, ಮರೆತ್ರು. ಆದ್ರೆ ಆಮೇಲೆ ಆ ಮನೇಲಿ ಇರೋಕಾಗಲಿಲ್ಲ ನನಗೆ. ಅವತ್ತೇ ಟೈರ್ ಬದಲಾಯಿಸೋದು ಕಲಿತೆ. ಅದಕ್ಕೇ ಸ್ಟೆಪ್ನಿ ಬೇಕು."

ಅಪ್ಪ ಕೆಮ್ಮಿ, ಮಗನತ್ತ ತಿರುಗಿದರು.

"ಸ್ಟೆಪ್ನಿ ಕೊಡೋ. ಈ ಸೈಜು ಸಣ್ಣ ಊರಲ್ಲಿ ಎಲ್ಲಿ ಸಿಗುತ್ತೆ? ಜಾಕ್ ಕೊಡಬೇಡ. ಹಾಕೋ ಕೆಲಸ ಬಲ್ಲವರು ಬಂದು ಹಾಕಲಿ."

ಶನಿವಾರ ಇಬ್ಬರೂ ಗಾಡಿಯನ್ನು ತೂಕ ನೋಡಲು ವೇಬ್ರಿಡ್ಜಿಗೆ ಒಯ್ದರು. ತೂಕದ ಮಿತಿಗೆ ಇನ್ನು ಇಪ್ಪತ್ತೆರಡು ಕಿಲೋ ಬಾಕಿ ಇತ್ತು. ರಿಮ್ ಸೇರಿ ಟೈರ್ ಮೂವತ್ತೆಂಟು.

"ಹದಿನಾರು ಕಿಲೋ ಇಳಿಸಬೇಕು," ಅಂದ. "ಆ ಗಾಜು ಉಜ್ಜೋ ಯಂತ್ರ?"

"ಅದನ್ನ ಇಳಿಸಿದ್ರೆ ನಾನೂ ಇಳೀತೀನಿ. ಕನ್ನಡಕ ಅವತ್ತೇ ಕೊಡಬೇಕು. ಜನ ಯಾಕೆ ಹದಿನೈದು ದಿನ ಕಾಯಬೇಕು?"

"ಹಾಗಾದ್ರೆ ಓವನ್. ಒಬ್ಬರಿಗೆ ಓವನ್ ಯಾಕೆ?"

"ಒಬ್ಬರಿಗೆ ಎರಡು ಮಂಚ ಯಾಕೆ? ಮೇಲಿನ ಮಂಚ ಬಿಚ್ಚಿಹಾಕಿ."

ಅವನು ಸ್ಕ್ರೂಡ್ರೈವರ್ ಹಿಡಿದು ಮೇಲಿನ ಮಂಚದ ಹತ್ತಿರ ಹೋದ. ಹೊಸ ಕನ್ನಡಕ ಹಾಕಿಕೊಂಡು ಮೊದಲ ತಿರುಪನ್ನು ತುಂಬ ಹೊತ್ತು ನೋಡಿದ. ಅಷ್ಟು ನೋಡುವಂಥದ್ದೇನೂ ಅದರಲ್ಲಿ ಇರಲಿಲ್ಲ.

"ಇದು ಇರಲಿ," ಅಂದ.

"ಯಾಕೆ?"

"ಇರಲಿ ಅಂದೆ."

ಅವಳು ಮತ್ತೆ ಕೇಳಲಿಲ್ಲ. ಇಬ್ಬರೂ ಸೇರಿ ಓವನ್ ಹೊತ್ತು ಕೆಳಗಿಳಿಸಿದರು. ಬಾಗಿಲು ಕಿರಿದು. ಒಮ್ಮೆ ಅವನ ಮೊಣಕೈ ಅವಳ ತೋಳಿಗೆ ತಾಗಿತು. ಓವನ್ ನೆಲಕ್ಕಿಟ್ಟ ಮೇಲೂ ಅದರ ಎರಡು ಬದಿ ಹಿಡಿದುಕೊಂಡೇ ಇದ್ದರು.

ಸೋಮವಾರ ಬೆಳಿಗ್ಗೆ ಅವನು ನಾಲ್ಕೂ ಚಕ್ರಕ್ಕೆ ಗಾಳಿ ನೋಡಿದ. ನಟ್ಟುಗಳನ್ನು ಎರಡು ಸಲ ಬಿಗಿದ. ಇನ್ನೇನೋ ಹೇಳುವವನಂತೆ ಕಿಟಕಿಯ ಹತ್ತಿರ ಬಂದು, "ತಿರುವಲ್ಲಿ ನಿಧಾನ," ಅಂದ. ಅವಳು ತಲೆಯಾಡಿಸಿ ಹೊರಟಳು. ಮೊದಲ ಊರು ಬರುವವರೆಗೂ ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡುತ್ತಲೇ ಇದ್ದಳು.

ಮೂರು ವಾರ ಕಳೆಯಿತು. ದಿನಕ್ಕೆ ಇಪ್ಪತ್ತು, ಮೂವತ್ತು ಜನ. ಹೊಲಿಗೆಯವಳೊಬ್ಬಳು ಕನ್ನಡಕ ಹಾಕಿಕೊಂಡು ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿ, ತಾನೇ ನಂಬದೆ ಮತ್ತೆ ತೆಗೆದು ಪೋಣಿಸಿದಳು. ಕೆಲಸ ಚೆನ್ನಾಗಿತ್ತು. ಆದರೂ ಸಂಜೆಯಾದರೆ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒರೆಸಿದ ಗಾಜನ್ನೇ ಮತ್ತೆ ಒರೆಸುವಳು. ಆರು ಗಂಟೆಗೆ ಅವನ ಫೋನ್ ಬರುತ್ತಿತ್ತು.

"ಗಾಳಿ ಎಷ್ಟಿದೆ?"

"ನಿನ್ನೆ ಇದ್ದಷ್ಟೇ. ನಿಮ್ಮ ಗಿರಾಕಿಗಳಿಗೆಲ್ಲ ದಿನಾ ಫೋನ್ ಮಾಡಿ ಗಾಳಿ ಕೇಳ್ತೀರಾ?"

"ಇಲ್ಲ," ಅಂದ.

ನಾಲ್ಕನೇ ವಾರದ ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ, ಎರಡೂ ಕಡೆ ಬರೀ ಬಯಲಿದ್ದ ರಸ್ತೆಯಲ್ಲಿ ಹಿಂದಿನ ಎಡಗಡೆಯ ಟೈರ್ ಸಿಡಿಯಿತು. ಗಾಡಿ ಒಮ್ಮೆ ಓಲಾಡಿ, ಅಂಚಿಗೆ ಬಂದು ನಿಂತಿತು. ಅವಳು ಅವನಿಗೆ ಫೋನ್ ಮಾಡಿದಳು.

"ಏಟಾಯ್ತಾ?" ಅಂತ ಮೊದಲು ಕೇಳಿದ.

"ಇಲ್ಲ."

"ಗಾಡಿಯಿಂದ ಇಳಿದು, ರಸ್ತೆಯಿಂದ ದೂರ ನಿಂತ್ಕೊಳ್ಳಿ. ಆ ಕಡೆ ನನಗೆ ಗೊತ್ತಿರೋರು ಒಬ್ಬರಿದಾರೆ. ಕಳಿಸ್ತೀನಿ. ಒಂದೂವರೆ ಗಂಟೆ ಆಗುತ್ತೆ."

"ಹತ್ತು ನಿಮಿಷ ಅನ್ನಲ್ವಾ?"

"ಇಲ್ಲ. ಒಂದೂವರೆ ಗಂಟೆ."

ಅವಳು ಗಾಡಿಯಿಂದ ಅಲ್ಲಿದ್ದ ಒಂಟಿ ಮರದವರೆಗೆ, ಮರದಿಂದ ಗಾಡಿವರೆಗೆ ನಡೆದಳು. ಐವತ್ತು ನಿಮಿಷವಾಗಿರಬೇಕು, ಲಾರಿಯೊಂದು ನಿಂತಿತು. ಡ್ರೈವರ್ ಒಳ್ಳೆಯವನು. ಅವಸರದಲ್ಲಿದ್ದ, ಆದರೂ ಜಾಕ್ ಇಳಿಸಿಕೊಟ್ಟ. "ನಿಮಗೆ ಬರುತ್ತಾ? ಬೇಗ ಮುಗಿಸೋಣ."

ಬರುತ್ತದೆ. ಅರ್ಧ ಗಂಟೆಯ ಕೆಲಸ. ಅವಳು ಮಂಡಿಯೂರಿ ಜಾಕನ್ನು ಗಾಡಿಯ ಕೆಳಗೆ ತಳ್ಳಿದಳು. ಹಿಡಿಕೆ ಒಮ್ಮೆ ಒತ್ತಿದಳು. ಗಾಡಿ ಏಳಲಿಲ್ಲ, ಜಾಕಿನ ಬುಡ ಮಣ್ಣಿಗೆ ಒಂದು ಬೆರಳಷ್ಟು ಇಳಿಯಿತು.

ಅವಳು ಕೈ ತೆಗೆದಳು. ಅಂಗಡಿಯಲ್ಲಿ ನೋಡಿದ ಆ ಅರ್ಧ ಪಾದ ನೆನಪಾಯಿತು. ತೊಡೆಯ ಮೇಲೆ ಅಪ್ಪನ ತಲೆ ಇಟ್ಟುಕೊಂಡು ಕೂತ ಒಂಬತ್ತು ವರ್ಷದವನು, ಈಗ ಇನ್ನೆಲ್ಲೋ ಫೋನ್ ಹಿಡಿದು ನಿಂತಿರುವುದೂ ಕಣ್ಣಿಗೆ ಕಟ್ಟಿತು.

"ಬೇಡ ಅಣ್ಣಾ," ಅಂದಳು ಏಳುತ್ತ. "ನನಗೆ ಜನ ಬರ್ತಾ ಇದಾರೆ."

ಸರಿಯಾಗಿ ಒಂದು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಪಿಕಪ್ ಬಂತು. ಇಳಿದದ್ದು ಗಟ್ಟಿಮುಟ್ಟಾದ ಒಬ್ಬ ಹೆಂಗಸು, ಸೊಂಟದಲ್ಲಿ ಗ್ರೀಸಿನ ಬಟ್ಟೆ.

"ಕನ್ನಡಕದವರು ನೀವೇನಾ? ದಾರೀಲಿ ಏಳು ಸಲ ಫೋನ್ ಮಾಡಿದಾನೆ ಆ ಮನುಷ್ಯ. ಮೊಬೈಲ್ ಚಾರ್ಜೇ ಮುಗೀತು."

ಆಕೆ ಮಣ್ಣಿನ ಮೇಲೆ ದಪ್ಪ ಹಲಗೆ ಹಾಕಿ, ಅದರ ಮೇಲೆ ದೊಡ್ಡ ಜಾಕ್ ಇಟ್ಟು, ಮುಂದಿನ ಚಕ್ರಗಳಿಗೆ ಮರದ ತುಂಡು ಕೊಟ್ಟು, ನಿರಾಳವಾಗಿ ಸ್ಟೆಪ್ನಿ ಹಾಕಿದಳು. "ಈ ಸೈಜು ನಮ್ಮ ಕಡೆ ಸಿಗಲ್ಲ. ಇದು ಇಲ್ದಿದ್ರೆ ನೀವು ಮೂರು ದಿನ ಈ ಮರದ ಕೆಳಗೇ," ಅಂದು ಹೋದಳು.

ಅವಳು ಫೋನ್ ಮಾಡಿದಳು. ಅವನು ಮೊದಲ ರಿಂಗಿಗೇ ಎತ್ತಿದ.

"ಆಯ್ತು," ಅಂದಳು. "ನಾನು ಕಾದೆ."

ಅವನು ಉಸಿರು ಬಿಟ್ಟದ್ದು ಕೇಳಿಸಿತು. "ಶನಿವಾರ ಬರ್ತೀನಿ. ಟೈರ್ ನೋಡ್ಬೇಕು."

"ಟೈರ್ ನೋಡೋಕಾದ್ರೆ ಬೇಡ. ಅದಕ್ಕೆ ಇಲ್ಲೇ ಜನ ಇದಾರೆ."

"ಸರಿ. ನಿಮ್ಮನ್ನ ನೋಡೋಕೆ." ಮತ್ತೆ ಅಂದ: "ನೀವು ಹೋದಾಗಿಂದ ನನಗೆ ಅಂಗಡೀಲಿ ಕೂತಲ್ಲಿ ಕೂರೋಕಾಗ್ತಿಲ್ಲ. ಟೈರಿನ ರಾಶಿ ಸುತ್ತಾಡ್ತಾ ಇರ್ತೀನಿ. ಅಪ್ಪ ಬೈತಾರೆ, ಅಂಗಡಿ ನಾನು ನೋಡ್ಕೋತೀನಿ, ನೀನು ಮೊದಲು ಬಸ್ ಹತ್ತು ಅಂತ."

ಶನಿವಾರದ ಬಸ್ಸು ನಾಲ್ಕಕ್ಕೆ. ಅವಳು ಮೂರಕ್ಕೇ ಬಸ್ ನಿಲ್ದಾಣಕ್ಕೆ ಬಂದಳು. ನಾಲ್ಕಾಯಿತು, ಬರಲಿಲ್ಲ. ಎಲ್ಲೋ ದಾರಿ ರಿಪೇರಿಯಂತೆ. ಹಣ್ಣಿನಂಗಡಿಯವನು ಕುರ್ಚಿ ಕೊಟ್ಟ, ಅವಳು ಕೂರಲಿಲ್ಲ. ನಾಲ್ಕೂವರೆಗೆ, ಅಂದು ಊರಾಚೆ ಕಾರಿನ ಪಕ್ಕ ಕಾದದ್ದು ನೆನಪಾಯಿತು. ಗಾಡಿಯ ಬೀಗದ ಕೈ ತೆಗೆದಳು, ಮತ್ತೆ ಚೀಲಕ್ಕೆ ಹಾಕಿದಳು. ಐದಕ್ಕೆ ಐದು ನಿಮಿಷವಿರುವಾಗ ಧೂಳೆಬ್ಬಿಸುತ್ತ ಬಸ್ಸು ಬಂತು.

ಎಲ್ಲರಿಗಿಂತ ಮೊದಲು ಇಳಿದವನು ಅವನು. ಅವಳ ಎದುರು ಬಂದು, ಚೀಲ ಕೆಳಗಿಟ್ಟು, ಶರ್ಟಿನ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ.

"ತುಂಬಾ ಹೊತ್ತು ಕಾದ್ರಾ?"

"ಎರಡು ಗಂಟೆ. ನಿಂತು ನಿಂತು ಕಾಲೆಲ್ಲ ನೋವು." ಅವಳು ಅವನ ಚೀಲ ಎತ್ತಿಕೊಂಡಳು. "ಇನ್ನೊಂದು ಸಲ ಇಷ್ಟು ತಡ ಮಾಡ್ಬೇಡ ನೀನು."

ನೀನು ಅಂದದ್ದು ಅವಳಿಗೆ ಆಮೇಲೆ ಗೊತ್ತಾಯಿತು. ಅವನಿಗೆ ಆಗಲೇ ಗೊತ್ತಾಗಿತ್ತು. ಅವನು ಅವಳ ಕೈ ಹಿಡಿದು ಹಣ್ಣಿನಂಗಡಿಯ ಕುರ್ಚಿಯಲ್ಲಿ ಕೂರಿಸಿ, ಪಕ್ಕದ ಮೆಟ್ಟಿಲ ಮೇಲೆ ತಾನೂ ಕೂತ.

"ಮಾಡಲ್ಲ," ಅಂದ. "ನೀನು ಕೂತ್ಕೋ ಸ್ವಲ್ಪ."